ತಂತಿ ಬಗ್ಗಿಸಿದರೆ ಸಾಕೆ? ದಂತವೈದ್ಯ ಪದವಿಯಲ್ಲಿ ಆರ್ಥೊಡಾಂಟಿಕ್ಸ್ ಬೋಧನೆ: ಒಂದು ವಿಮರ್ಶೆ

ನೀವು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರೆ ಒಂದು ಸಣ್ಣ ವೀಕ್ಷಣೆ ಮಾಡಿ. ಅರಸೀಕೆರೆ ತಾಲ್ಲೂಕಿನ ಜಾವಗಲ್‌ನಂಥ ಹೋಬಳಿ ಕೇಂದ್ರದ ಯಾವುದೇ ಶಾಲೆಯ ನಾಲ್ಕನೆಯ ತರಗತಿಗೆ ಹೋಗಿ, ಮಕ್ಕಳು ನಗುವಾಗ ಅವರ ಹಲ್ಲುಗಳನ್ನು ಗಮನಿಸಿ. ಒಬ್ಬ ಹುಡುಗನ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಇದೆ. ಪಕ್ಕದ ಹುಡುಗಿಯ ಒಂದು ಮೇಲಿನ ಬಾಚಿಹಲ್ಲು ಕೆಳಹಲ್ಲಿನ ಹಿಂದಕ್ಕೆ ಸಿಕ್ಕಿಕೊಂಡಿದೆ. ಇನ್ನೊಬ್ಬನದು ಉಬ್ಬುಹಲ್ಲು. ಮತ್ತೊಬ್ಬಳ ಹುಳುಕು ಹಿಡಿದ ಹಾಲು ದವಡೆಹಲ್ಲನ್ನು ಎರಡು ವರ್ಷದ ಹಿಂದೆಯೇ ಕೀಳಿಸಲಾಗಿದೆ. ಈ ನಾಲ್ವರಲ್ಲಿ ಯಾರಿಗೆ ಚಿಕಿತ್ಸೆ ಬೇಕು? ಯಾರಿಗೆ ಈಗಲೇ ಬೇಕು? ಯಾರನ್ನು ಸುಮ್ಮನೆ ಬಿಟ್ಟರೆ ಒಳ್ಳೆಯದು?

ತಂದೆತಾಯಿ ಈ ಪ್ರಶ್ನೆಯನ್ನು ತಜ್ಞರ ಮುಂದೆ ಮೊದಲು ಇಡುವುದಿಲ್ಲ. ಜಾವಗಲ್‌ನಿಂದ ಜಿಲ್ಲಾ ಕೇಂದ್ರವಾದ ಹಾಸನಕ್ಕೆ ಸುಮಾರು 50 ಕಿ.ಮೀ. ದೂರ. ‘ಕ್ಲಿಪ್ ಹಾಕಿಸಬೇಕೆ, ಡಾಕ್ಟ್ರೇ?’ ಎಂಬ ಮಾತು ಮೊದಲು ತಲುಪುವುದು ಹತ್ತಿರದ ಸಾಮಾನ್ಯ ದಂತವೈದ್ಯರನ್ನು, ಅಂದರೆ ಬಿ.ಡಿ.ಎಸ್. ಪದವಿಯೊಂದಿಗೆ ಕೆಲಸ ಆರಂಭಿಸಿದ ತರುಣ ಅಥವಾ ತರುಣಿಯನ್ನು. ಹಾಗಾದರೆ ಈ ಪ್ರಶ್ನೆಗೆ ಉತ್ತರಿಸಲು ಅವರನ್ನು ಕಾಲೇಜು ಸಿದ್ಧಪಡಿಸಿದೆಯೆ? ಹಲ್ಲು ಮತ್ತು ದವಡೆಗಳ ವಕ್ರತೆಯನ್ನು ಸರಿಪಡಿಸುವ ಶಾಸ್ತ್ರವಾದ ಆರ್ಥೊಡಾಂಟಿಕ್ಸ್ ಅನ್ನು ಪದವಿ ಮಟ್ಟದಲ್ಲಿ ಕಲಿಸುವ ಕ್ರಮವನ್ನು ಈ ಒಂದೇ ಅಳತೆಗೋಲಿನಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಟ್ಟಿಯಲ್ಲಿ ಏನಿದೆ?

ಭಾರತೀಯ ದಂತವೈದ್ಯ ಪರಿಷತ್ತು 2007ರಲ್ಲಿ ಬಿ.ಡಿ.ಎಸ್. ಶಿಕ್ಷಣದ ಪರಿಷ್ಕೃತ ನಿಯಮಾವಳಿಯನ್ನು ಹೊರಡಿಸಿತು. ಕರ್ನಾಟಕದ ಕಾಲೇಜುಗಳ ಪಾಠಕ್ರಮಕ್ಕೂ ಅದೇ ತಳಹದಿ. ಅದರಲ್ಲಿ ಆರ್ಥೊಡಾಂಟಿಕ್ಸ್‌ನ ಪ್ರಾಯೋಗಿಕ ಭಾಗವನ್ನು ಓದಿ ನೋಡಿ. ಎರಡನೆಯ ವರ್ಷದ ವಿದ್ಯಾರ್ಥಿ ಮೊದಲು ತಂತಿಯನ್ನು ನೇರ ಮಾಡಬೇಕು. ಅನಂತರ ಅದರಿಂದ ತ್ರಿಭುಜ, ಆಯತ, ಚೌಕ, ವೃತ್ತಗಳನ್ನು ರಚಿಸಬೇಕು. ಆಮೇಲೆ 0.7 ಮಿ.ಮೀ. ತಂತಿಯಿಂದ ಆಡಮ್ಸ್ ಕ್ಲಾಸ್ಪ್ ಮೊದಲಾದ ಹಿಡಿಕೆಗಳು, 0.5 ಮಿ.ಮೀ. ತಂತಿಯಿಂದ ಸ್ಪ್ರಿಂಗುಗಳು, 0.6 ಮಿ.ಮೀ. ತಂತಿಯಿಂದ ಕೋರೆಹಲ್ಲನ್ನು ಹಿಂದಕ್ಕೆಳೆಯುವ ರಿಟ್ರ್ಯಾಕ್ಟರುಗಳು. ಮೂರನೆಯ ವರ್ಷ ಅಲ್ಜಿನೇಟ್‌ನಲ್ಲಿ ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರ್ ಮಾದರಿ ತಯಾರಿಸಿ, ಪಾಂಟ್, ಆಶ್ಲಿ ಹೋವ್, ಕ್ಯಾರಿ, ಬೋಲ್ಟನ್, ಮೋಯರ್ಸ್ ಇವರ ಹೆಸರಿನ ವಿಶ್ಲೇಷಣೆಗಳನ್ನು ಮಾಡಬೇಕು. ಕೊನೆಯ ವರ್ಷ ರೋಗಿಯ ಪೂರ್ವವೃತ್ತ, ತಲೆಯ ಪಾರ್ಶ್ವ ಎಕ್ಸ್-ರೇಯ ಮೇಲೆ ಡೌನ್ಸ್, ಸ್ಟೈನರ್, ಟ್ವೀಡ್ ವಿಶ್ಲೇಷಣೆಗಳು, ಜೊತೆಗೆ ತೆಗೆದು ಹಾಕಬಹುದಾದ ಸಾಧನಗಳ ತಯಾರಿಕೆ.

ಈ ಪಟ್ಟಿಯ ಗುಣವನ್ನು ಮೊದಲು ಒಪ್ಪಿಕೊಳ್ಳೋಣ. ಕೈಯ ಪಳಗುವಿಕೆ ದಂತವೈದ್ಯರಿಗೆ ಅನಿವಾರ್ಯ. ತಂತಿಯನ್ನು ಗಾಯ ಮಾಡದಂತೆ, ಒಂದೇ ಸಲಕ್ಕೆ ಸರಿಯಾದ ಜಾಗದಲ್ಲಿ ಬಗ್ಗಿಸಲು ಬಂದವರಿಗೆ ಬೇರೆ ಸೂಕ್ಷ್ಮ ಕೆಲಸಗಳೂ ಬರುತ್ತವೆ. ಸುಲಭದಿಂದ ಕಠಿಣಕ್ಕೆ ಸಾಗುವ ಕ್ರಮವೂ ಸರಿಯೇ. ಆದರೆ ಪಟ್ಟಿಯನ್ನು ಇಡಿಯಾಗಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಇಲ್ಲಿ ಬಹುಪಾಲು ವಸ್ತುಗಳನ್ನು ಎಣಿಸಲಾಗಿದೆ, ತೀರ್ಮಾನಗಳನ್ನಲ್ಲ. ಎಷ್ಟು ಕ್ಲಾಸ್ಪ್, ಎಷ್ಟು ಸ್ಪ್ರಿಂಗ್, ಎಷ್ಟು ಮಾದರಿ ಎಂಬುದು ಪರೀಕ್ಷಕರ ಮುಂದಿರುವ ದಾಖಲೆ ಪುಸ್ತಕದಲ್ಲಿ ಸಹಿಯಾಗುತ್ತದೆ. ಎಷ್ಟು ಮಕ್ಕಳ ವಿಷಯದಲ್ಲಿ ‘ಕಾಯೋಣ’ ಅಥವಾ ‘ತಜ್ಞರಿಗೆ ಕಳಿಸೋಣ’ ಎಂದು ಕಾರಣಸಹಿತ ನಿರ್ಧರಿಸಿದಿರಿ ಎಂಬ ಅಂಕಣ ಆ ಪಟ್ಟಿಯಲ್ಲಿ ಇಲ್ಲ.

ತಂತಿಯ ಹಿಂದಿನ ಭೌತವಿಜ್ಞಾನ

ತಂತಿಯ ಅಭ್ಯಾಸವನ್ನೇ ತೆಗೆದುಕೊಳ್ಳಿ. ಹಿಡಿಕೆಗೆ 0.7 ಮಿ.ಮೀ., ಸ್ಪ್ರಿಂಗಿಗೆ 0.5 ಮಿ.ಮೀ. ಏಕೆ? ‘ಪಟ್ಟಿಯಲ್ಲಿ ಹಾಗಿದೆ’ ಎಂಬುದು ಉತ್ತರವಲ್ಲ. ಪಿ.ಯು.ಸಿ. ಭೌತವಿಜ್ಞಾನ ಓದಿದ ನಿಮಗೆ ಒಂದು ತುದಿ ಬಿಗಿದ, ಇನ್ನೊಂದು ತುದಿ ಬಿಡುವಾಗಿರುವ ದಂಡ ಗೊತ್ತಿರಬಹುದು. ಉರುಟು ತಂತಿಯ ಇಂಥ ದಂಡದ ಗಡಸುತನ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿಯೂ ಉದ್ದದ ಮೂರನೆಯ ಘಾತಕ್ಕೆ ವಿಲೋಮವಾಗಿಯೂ ಇರುತ್ತದೆ. ಸಾಧನದ ಸ್ಪ್ರಿಂಗೂ ಸರಿಸುಮಾರು ಅಂಥದೇ ದಂಡ: ಒಂದು ತುದಿ ಅಕ್ರಿಲಿಕ್ ತಟ್ಟೆಯೊಳಗೆ ಹುದುಗಿದೆ, ಇನ್ನೊಂದು ಹಲ್ಲನ್ನು ತಳ್ಳುತ್ತದೆ.

ಲೆಕ್ಕ ಹಾಕೋಣ. ಸ್ಟೇನ್‌ಲೆಸ್ ಸ್ಟೀಲಿನ ಯಂಗ್ ಗುಣಾಂಕ ಸುಮಾರು 190 ಗಿಗಾಪಾಸ್ಕಲ್. 0.5 ಮಿ.ಮೀ. ವ್ಯಾಸ, 15 ಮಿ.ಮೀ. ಉದ್ದದ ಸ್ಪ್ರಿಂಗಿನ ತುದಿಯನ್ನು 1 ಮಿ.ಮೀ. ಸರಿಸಿದರೆ ಸುಮಾರು 0.52 ನ್ಯೂಟನ್, ಅಂದರೆ 53 ಗ್ರಾಂ ತೂಕದಷ್ಟು ಬಲ ಬರುತ್ತದೆ. ಒಂಟಿ ಬೇರಿನ ಹಲ್ಲೊಂದನ್ನು ವಾಲಿಸಲು ಪಠ್ಯಗಳು ಸೂಚಿಸುವ ಬಲ ಸುಮಾರು 35ರಿಂದ 60 ಗ್ರಾಂ. ಸರಿಹೋಯಿತು. ಈಗ ಅದೇ ಉದ್ದಕ್ಕೆ 0.7 ಮಿ.ಮೀ. ತಂತಿ ಬಳಸಿ: ಬಲ 3.84 ಪಟ್ಟು ಹೆಚ್ಚಿ 200 ಗ್ರಾಂ ದಾಟುತ್ತದೆ. ಅಥವಾ 0.5 ಮಿ.ಮೀ. ತಂತಿಯನ್ನೇ ಇಟ್ಟುಕೊಂಡು ಉದ್ದವನ್ನು 10 ಮಿ.ಮೀ.ಗೆ ಇಳಿಸಿ: ಬಲ ಸುಮಾರು 178 ಗ್ರಾಂ. ಸ್ಪ್ರಿಂಗಿನಲ್ಲಿ ಒಂದು ಸುರುಳಿ ಏಕೆ ಸುತ್ತುತ್ತಾರೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಇಕ್ಕಟ್ಟಾದ ಬಾಯಲ್ಲಿ ಜಾಗ ಹೆಚ್ಚಿಸದೆ ತಂತಿಯ ಉದ್ದವನ್ನು ಹೆಚ್ಚಿಸುವ ಉಪಾಯ ಅದು.

ಬಲ ಹೆಚ್ಚಾದರೆ ಹಲ್ಲು ಬೇಗ ಸರಿಯುವುದಿಲ್ಲವೆ? ಇಲ್ಲ. ಹಲ್ಲಿನ ಬೇರು ಮತ್ತು ಮೂಳೆಯ ನಡುವೆ ಸುಮಾರು ಕಾಲು ಮಿ.ಮೀ. ದಪ್ಪದ ತಂತುಗಳ ಪದರವಿದೆ. ಹದವಾದ ಬಲ ಬಿದ್ದಾಗ ಒತ್ತಡದ ಬದಿಯಲ್ಲಿ ಮೂಳೆ ಕರಗುತ್ತದೆ, ಎಳೆತದ ಬದಿಯಲ್ಲಿ ಹೊಸ ಮೂಳೆ ಕೂಡುತ್ತದೆ. ಬಲ ಅತಿಯಾದರೆ ಆ ಪದರದ ರಕ್ತನಾಳಗಳೇ ಮುಚ್ಚಿಹೋಗಿ ಜೀವಕೋಶಗಳು ಸಾಯುತ್ತವೆ. ಸ್ವೀಡನ್ನಿನ ಸ್ಯಾಂಡ್‌ಸ್ಟೆಟ್ 1904–05ರಲ್ಲೇ ನಾಯಿಯ ಹಲ್ಲಿನ ಮೇಲೆ ನಡೆಸಿದ ಪ್ರಯೋಗದಲ್ಲಿ ಇದನ್ನು ಕಂಡಿದ್ದರು. ಆಗ ಮೂಳೆ ಹಿಂಬದಿಯಿಂದ ಕೊರೆದುಕೊಂಡು ಬರಬೇಕು. ಅಲ್ಲಿಯವರೆಗೆ ಹಲ್ಲು ನಿಂತಲ್ಲೇ ನಿಂತಿರುತ್ತದೆ, ಮಗುವಿಗೆ ನೋವು ಮಾತ್ರ ಉಳಿಯುತ್ತದೆ.

ಇನ್ನೊಂದು ಪಾಠವೂ ಇದೆ. ಅರಸೀಕೆರೆ ಕಡೆಯ ತೆಂಗಿನ ತೋಟದ ಬೇಲಿಯ ಕಲ್ಲುಕಂಬವನ್ನು ನೆನೆಸಿಕೊಳ್ಳಿ. ಮೇಲ್ತುದಿಯನ್ನು ತಳ್ಳಿದರೆ ಕಂಬ ವಾಲುತ್ತದೆ, ಹೂತ ಬುಡ ವಿರುದ್ಧ ದಿಕ್ಕಿಗೆ ಒದೆಯುತ್ತದೆ. ಸ್ಪ್ರಿಂಗ್ ಹಲ್ಲಿನ ಮೇಲ್ಭಾಗವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವುದರಿಂದ ಅದು ಹಲ್ಲನ್ನು ವಾಲಿಸಬಲ್ಲುದೇ ಹೊರತು ಬೇರುಸಹಿತ ನೆಟ್ಟಗೆ ಸರಿಸಲಾರದು. ಆದ್ದರಿಂದ ವಾಲಿಸಿದರೆ ಸರಿಹೋಗುವ ದೋಷಕ್ಕೆ ಮಾತ್ರ ಈ ಸಾಧನ ಸಲ್ಲುತ್ತದೆ. ಯಾವ ಮಗುವಿಗೆ ಅದನ್ನು ಕೊಡಬಾರದು ಎಂಬುದು ಈ ಒಂದು ಸಾಲಿನಿಂದ ತಿಳಿಯುತ್ತದೆ. ತ್ರಿಭುಜ, ಚೌಕ, ವೃತ್ತಗಳಿಗೆ ಕೊಡುವ ಸಮಯದಲ್ಲಿ ಒಂದೆರಡು ತರಗತಿಗಳನ್ನು ಈ ಲೆಕ್ಕಕ್ಕೆ ಕೊಟ್ಟು, ವಿದ್ಯಾರ್ಥಿ ತಾನೇ ಬಗ್ಗಿಸಿದ ಸ್ಪ್ರಿಂಗಿಗೆ ಸಣ್ಣ ತೂಕ ತೂಗುಹಾಕಿ ಅಳೆಯುವಂತೆ ಮಾಡಿದರೆ ಕೈಕೆಲಸವು ವಿಜ್ಞಾನವಾಗುತ್ತದೆ. ಇದಕ್ಕೆ ಹೊಸ ಉಪಕರಣ ಬೇಕಿಲ್ಲ.

ಸರಾಸರಿ ಯಾರದು?

ಮಾದರಿ ಮತ್ತು ಎಕ್ಸ್-ರೇ ವಿಶ್ಲೇಷಣೆಗಳಲ್ಲಿ ವಿದ್ಯಾರ್ಥಿಗಳು ಅಳೆಯುವುದನ್ನು ಚೆನ್ನಾಗಿಯೇ ಕಲಿಯುತ್ತಾರೆ. ಅಳತೆಯನ್ನು ಯಾವುದರೊಂದಿಗೆ ಹೋಲಿಸುತ್ತಿದ್ದೇವೆ ಎಂದು ಕೇಳುವುದನ್ನು ಕಲಿಯುವುದಿಲ್ಲ. ಪಾಂಟ್ ತನ್ನ ಸೂಚಿಯನ್ನು 1909ರಲ್ಲಿ ಫ್ರಾನ್ಸಿನ ಜನರ ಅಳತೆಗಳಿಂದ ರಚಿಸಿದ. ಡೌನ್ಸ್ 1948ರಲ್ಲಿ ಪ್ರಕಟಿಸಿದ ಮುಖದ ಮಾನಗಳಿಗೆ ಆಧಾರ 20 ಮಂದಿ ಅಮೆರಿಕನ್ ಬಿಳಿಯ ಹುಡುಗ ಹುಡುಗಿಯರು. ಬೋಲ್ಟನ್ 1958ರಲ್ಲಿ ಕೊಟ್ಟ 91.3 ಮತ್ತು 77.2 ಎಂಬ ಶೇಕಡಾ ಪ್ರಮಾಣಗಳು 55 ಮಾದರಿಗಳಿಂದ ಬಂದವು. ಇನ್ನೂ ಹುಟ್ಟದ ಹಲ್ಲುಗಳ ಅಗಲವನ್ನು ಅಂದಾಜಿಸಲು ತನಾಕಾ ಮತ್ತು ಜಾನ್‌ಸ್ಟನ್ 1974ರಲ್ಲಿ ಕೊಟ್ಟ ಸುಲಭ ಸೂತ್ರ ಅಮೆರಿಕದ ಕ್ಲೀವ್‌ಲ್ಯಾಂಡಿನ 506 ಮಂದಿಯನ್ನು ಆಧರಿಸಿದೆ.

ಹೀಗೆಂದು ಇವೆಲ್ಲ ನಿರುಪಯುಕ್ತವೆಂದು ತಿಳಿಯಬೇಡಿ. ಪ್ರತಿಯೊಂದೂ ಅದರ ಕಾಲಕ್ಕೆ ದೊಡ್ಡ ಹೆಜ್ಜೆ. ಆದರೆ ಒಂದು ಜನಸಮುದಾಯದ ಸರಾಸರಿಯನ್ನು ಇನ್ನೊಂದರ ‘ಸಹಜತೆ’ ಎಂದು ಒಪ್ಪಿಕೊಂಡರೆ ಏನಾಗುತ್ತದೆ? ತನ್ನ ಮನೆತನದ ಎಲ್ಲರಂತೆ ತುಸು ಮುಂಬಂದ ತುಟಿಗಳಿರುವ, ಆರೋಗ್ಯವಂತ ಹುಡುಗಿಗೆ ದೋಷವಿದೆ ಎಂಬ ತೀರ್ಪು ಕಾಗದದ ಮೇಲೆ ಬಂದುಬಿಡುತ್ತದೆ. ಅದನ್ನು ನಂಬಿದರೆ ನಾಲ್ಕು ಒಳ್ಳೆಯ ಹಲ್ಲುಗಳನ್ನು ಕೀಳುವ ಯೋಜನೆಯೂ ಸಿದ್ಧವಾಗಬಹುದು. ಮಣಿಪಾಲದಲ್ಲಿ ದೀರ್ಘಕಾಲ ಬೋಧಿಸಿದ ಡಾ. ಆಶಿಮಾ ವಲಿಯತ್ತಾನ್ 1970ರ ದಶಕದಲ್ಲೇ ಭಾರತೀಯ ವಯಸ್ಕರಿಗೆ ಡೌನ್ಸ್ ವಿಶ್ಲೇಷಣೆಯನ್ನು ಅನ್ವಯಿಸಿ ನೋಡಿದ್ದರು. ಈ ಬಗೆಯ ವಿಚಾರ ಪದವಿ ತರಗತಿಯಲ್ಲಿ ಅಡಿಟಿಪ್ಪಣಿಯಾಗಿ ಉಳಿಯಬಾರದು. ಒಂದು ತರಗತಿಯ ವಿದ್ಯಾರ್ಥಿಗಳು ತಮ್ಮವೇ ಪ್ಲಾಸ್ಟರ್ ಮಾದರಿಗಳನ್ನು ಅಳೆದು, ಸರಾಸರಿ ಮತ್ತು ವಿಚಲನೆಯನ್ನು ಲೆಕ್ಕಹಾಕಿ, ಪುಸ್ತಕದ ಅಂಕಿಯೊಂದಿಗೆ ಹೋಲಿಸಲಿ. ಸರಾಸರಿ ಎಂದರೇನು, ಮಾದರಿ ಸಮೂಹ ಎಂದರೇನು ಎಂಬ ಪಾಠ ಒಂದೇ ಮಧ್ಯಾಹ್ನದಲ್ಲಿ ಮನದಟ್ಟಾಗುತ್ತದೆ.

ವರ್ಗದ ಹೆಸರು ರೋಗನಿರ್ಣಯವಲ್ಲ

ಆರ್ಥೊಡಾಂಟಿಕ್ಸ್ ಎಂದ ಕೂಡಲೆ ನೆನಪಾಗುವ ಹೆಸರು ಎಡ್ವರ್ಡ್ ಆಂಗಲ್. 1899ರಲ್ಲಿ ಆತ ಕೊಟ್ಟ ವರ್ಗೀಕರಣ ಇಂದಿಗೂ ವಿದ್ಯಾರ್ಥಿಯ ಬಾಯಲ್ಲಿ ಮೊದಲು ಬರುವ ಉತ್ತರ. ಆರನೆಯ ವರ್ಷದ ಆಸುಪಾಸಿನಲ್ಲಿ ಬರುವ ಮೊದಲ ಶಾಶ್ವತ ದವಡೆಹಲ್ಲುಗಳು ಮೇಲೆ ಕೆಳಗೆ ಹೇಗೆ ಹೊಂದಿವೆ ಎಂಬುದನ್ನು ನೋಡಿ ಮೊದಲನೆಯ, ಎರಡನೆಯ, ಮೂರನೆಯ ವರ್ಗ ಎಂದು ಹೇಳುವ ಈ ಪದ್ಧತಿಯ ಸರಳತೆಯೇ ಅದರ ಬಲ. ಒಬ್ಬ ವೈದ್ಯರು ಇನ್ನೊಬ್ಬರಿಗೆ ಎರಡು ಪದಗಳಲ್ಲಿ ಸಂಗತಿ ತಿಳಿಸಬಹುದು.

ಅದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸಬೇಕು. ಅದು ನೋಡುವುದು ಹಿಂದು ಮುಂದಿನ ಸಂಬಂಧವನ್ನು ಮಾತ್ರ. ಅಡ್ಡಗಲ, ಎತ್ತರ, ಮುಖದ ಆಕಾರ ಅದರ ಲೆಕ್ಕಕ್ಕೆ ಬರುವುದಿಲ್ಲ. ದೋಷ ಹಲ್ಲಿನದೊ ದವಡೆಯ ಮೂಳೆಯದೊ ಎಂಬುದನ್ನೂ ಅದು ಹೇಳುವುದಿಲ್ಲ. ನಮ್ಮ ನಾಲ್ಕನೆಯ ತರಗತಿಯ, ಹಾಲು ದವಡೆಹಲ್ಲು ಕಳೆದುಕೊಂಡ ಹುಡುಗಿಯನ್ನು ನೆನೆಯಿರಿ. ಖಾಲಿ ಜಾಗಕ್ಕೆ ಹಿಂದಿನ ಶಾಶ್ವತ ದವಡೆಹಲ್ಲು ಜರುಗಿ ಬಂದಿರುತ್ತದೆ. ಆಂಗಲ್ ವರ್ಗ ಬದಲಾಗಿರುತ್ತದೆ, ಆದರೆ ದವಡೆ ಹಾಗೆಯೇ ಇದೆ. ವರ್ಗ ಬರೆದು ಐದು ಅಂಕ ಗಳಿಸಿದ ವಿದ್ಯಾರ್ಥಿಗೆ ಅವಳ ನಿಜವಾದ ಸಮಸ್ಯೆ ಸ್ಥಳದ ಕೊರತೆ ಎಂಬುದು ಕಾಣದೆ ಹೋಗಬಹುದು. ಈ ಕಾರಣದಿಂದಲೇ ಆಕರ್‌ಮನ್ ಮತ್ತು ಪ್ರೊಫಿಟ್ 1969ರಲ್ಲಿ ಮುಖ, ಹಲ್ಲುಸಾಲು ಮತ್ತು ಮೂರೂ ದಿಕ್ಕುಗಳನ್ನು ಒಳಗೊಂಡ ವಿವರಣಾ ಕ್ರಮವನ್ನು ಸೂಚಿಸಿದರು. 1986ರಲ್ಲಿ ಮೊದಲು ಪ್ರಕಟವಾದ ಪ್ರೊಫಿಟ್ ಅವರ ‘ಕಂಟೆಂಪರರಿ ಆರ್ಥೊಡಾಂಟಿಕ್ಸ್’ ಗ್ರಂಥ ಸಮಸ್ಯೆಗಳ ಪಟ್ಟಿಯಿಂದ ಹೊರಡುತ್ತದೆ. ಸಾಮಾನ್ಯ ದಂತವೈದ್ಯರು ಯಾವ ಮಗುವನ್ನು ತಾವೇ ನೋಡಿಕೊಳ್ಳಬಹುದು, ಯಾರನ್ನು ಕಳಿಸಬೇಕು ಎಂದು ಹಂತ ಹಂತವಾಗಿ ಬೇರ್ಪಡಿಸುವ ಕ್ರಮವನ್ನೂ ಕೊಡುತ್ತದೆ. ಪದವಿ ವಿದ್ಯಾರ್ಥಿಗೆ ಬೇಕಾಗಿರುವುದು ಅದೇ.

ಕಾಯುವುದು, ಕೈಹಾಕುವುದು, ಕಳಿಸುವುದು

ಈಗ ತರಗತಿಯ ನಾಲ್ವರ ಬಳಿಗೆ ಮರಳೋಣ. ಮೊದಲ ಹುಡುಗನ ಬಾಚಿಹಲ್ಲುಗಳ ಸಂದು ಬಹುಮಟ್ಟಿಗೆ ಬೆಳವಣಿಗೆಯ ಒಂದು ಹಂತ. ಮೇಲಿನ ಕೋರೆಹಲ್ಲುಗಳು ಇಳಿಯುವಾಗ ಬಾಚಿಹಲ್ಲುಗಳ ಬೇರುಗಳನ್ನು ಒತ್ತುವುದರಿಂದ ಸಂದು ಉಂಟಾಗುತ್ತದೆ, ಅವು ಪೂರ್ತಿ ಬಂದ ಮೇಲೆ ಸಾಮಾನ್ಯವಾಗಿ ಮುಚ್ಚುತ್ತದೆ. ಬ್ರಾಡ್‌ಬೆಂಟ್ 1937ರಲ್ಲಿ ಇದಕ್ಕೆ ‘ಕುರೂಪಿ ಬಾತುಮರಿಯ ಹಂತ’ ಎಂದು ಹೆಸರಿಟ್ಟರು. ಸಂದು ಚಿಕ್ಕದಾಗಿದ್ದರೆ ಇಲ್ಲಿ ಕಾಯುವುದೇ ಚಿಕಿತ್ಸೆ. ತಂತಿ ಹಾಕಲು ಕಲಿತವರಿಗೆ ಕಾಯುವುದು ಕಷ್ಟ. ಅವಸರದಲ್ಲಿ ಸಂದು ಮುಚ್ಚಿದರೆ ಬಾಚಿಹಲ್ಲಿನ ಬೇರು ಕೋರೆಹಲ್ಲಿನ ದಾರಿಗೆ ಅಡ್ಡ ಬರಬಹುದು.

ಎರಡನೆಯವಳ ಒಂದು ಹಲ್ಲು ಹಿಂದಕ್ಕೆ ಸಿಕ್ಕಿಕೊಂಡಿರುವುದು ಕಾಯುವ ವಿಷಯವಲ್ಲ. ಕಚ್ಚಿದಾಗಲೆಲ್ಲ ಕೆಳಹಲ್ಲು ಪೆಟ್ಟು ತಿಂದು ಅದರ ಒಸಡು ಕೆಳಗೆ ಸರಿಯಬಹುದು. ಜಾಗವಿದ್ದರೆ, ಹಲ್ಲು ಒಳಕ್ಕೆ ವಾಲಿರುವುದಷ್ಟೇ ಕಾರಣವಾಗಿದ್ದರೆ, ನಮ್ಮ ವಿದ್ಯಾರ್ಥಿ ಎರಡನೆಯ ವರ್ಷದಲ್ಲೇ ಮಾಡಿದ ಸ್ಪ್ರಿಂಗಿನ ಸಾಧನ ಇದನ್ನು ಸರಿಪಡಿಸಬಲ್ಲುದು. ಮೂರನೆಯವನ ಉಬ್ಬುಹಲ್ಲು ಬರಿಯ ಅಂದದ ಪ್ರಶ್ನೆಯಲ್ಲ: ಮುಂಚಾಚಿದ ಬಾಚಿಹಲ್ಲುಗಳು ಬಿದ್ದಾಗ ಮುರಿಯುವ ಸಂಭವ ಹೆಚ್ಚು. ದವಡೆಯ ಬೆಳವಣಿಗೆಯೂ ಇದರಲ್ಲಿ ಸೇರಿರಬಹುದಾದ್ದರಿಂದ ಅವನನ್ನು ತಜ್ಞರಿಗೆ ಕಳಿಸಬೇಕು.

ನಾಲ್ಕನೆಯವಳ ವಿಷಯದಲ್ಲಿ ಎರಡು ವರ್ಷ ತಡವಾಗಿದೆ. ‘ಹಾಲುಹಲ್ಲು ಹೇಗೂ ಬಿದ್ದುಹೋಗುವುದಲ್ಲವೆ, ಉಳಿಸಿ ಏನು ಪ್ರಯೋಜನ?’ ಎಂದು ತಾಯಿ ಕೇಳಿರುತ್ತಾರೆ. ಉತ್ತರ ಹೀಗೆ: ಹಾಲು ಕೋರೆಹಲ್ಲು ಮತ್ತು ಎರಡು ಹಾಲು ದವಡೆಹಲ್ಲುಗಳ ಒಟ್ಟು ಅಗಲ ಅವುಗಳ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳದಕ್ಕಿಂತ ಹೆಚ್ಚು. ನಾನ್ಸ್ 1947ರಲ್ಲಿ ತೋರಿಸಿದಂತೆ ಕೆಳದವಡೆಯಲ್ಲಿ ಪ್ರತಿ ಬದಿಗೆ ಸರಾಸರಿ 1.7 ಮಿ.ಮೀ., ಮೇಲೆ 0.9 ಮಿ.ಮೀ. ಮಿಗುತ್ತದೆ. ಪ್ರಕೃತಿ ಕೂಡಿಟ್ಟ ಈ ಜಾಗವನ್ನು ಹಾಲುಹಲ್ಲು ಕಾವಲು ಕಾಯುತ್ತದೆ. ಅದು ಅಕಾಲದಲ್ಲಿ ಹೋದರೆ ಸಣ್ಣ ತಂತಿಯ ಜಾಗರಕ್ಷಕವೊಂದನ್ನು ಕೂರಿಸಿದರೆ ಸಾಕಾಗುತ್ತಿತ್ತು. ಈಗ ಉದ್ದನೆಯ, ದುಬಾರಿ ಚಿಕಿತ್ಸೆ ಬೇಕಾಗಬಹುದು. ಕೊಬ್ಬರಿ ಬೆಲೆಯ ಏರಿಳಿತವನ್ನು ನಂಬಿದ ಕುಟುಂಬ ಅದನ್ನು ಮಾಡಿಸುವುದೂ ಇಲ್ಲ. ಬೋಧನೆಯ ಕೊರತೆ ಅಂತಿಮವಾಗಿ ಯಾರ ಬಾಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿ.

ಇನ್ನೊಂದು ಪರೀಕ್ಷೆಗೆ ಬೆರಳೊಂದೇ ಸಾಕು. ಹತ್ತು ವರ್ಷದ ಮಗುವಿನ ಮೇಲ್ದವಡೆಯಲ್ಲಿ, ತುಟಿಯ ಬದಿಯಿಂದ ಒಸಡಿನ ಮೇಲೆ ಬೆರಳಾಡಿಸಿದರೆ ಇಳಿಯಲಿರುವ ಕೋರೆಹಲ್ಲಿನ ಉಬ್ಬು ಸಿಗಬೇಕು. ಸಿಗದಿದ್ದರೆ ಎಕ್ಸ್-ರೇ ತೆಗೆಸಬೇಕು. ಎರಿಕ್‌ಸನ್ ಮತ್ತು ಕುರೋಲ್ 1988ರಲ್ಲಿ ವರದಿ ಮಾಡಿದಂತೆ, ಒಳಕ್ಕೆ ದಾರಿ ತಪ್ಪಿದ ಕೋರೆಹಲ್ಲುಗಳಲ್ಲಿ ಶೇಕಡಾ 78ರಷ್ಟು, ಸಕಾಲದಲ್ಲಿ ಹಾಲು ಕೋರೆಹಲ್ಲನ್ನು ಕಿತ್ತದ್ದರಿಂದಲೇ ಸರಿದಾರಿಗೆ ಬಂದವು. ತಪ್ಪಿದರೆ ಮುಂದೆ ಶಸ್ತ್ರಚಿಕಿತ್ಸೆ.

ಎರಡು ಆಕ್ಷೇಪಗಳು

‘ಇದೆಲ್ಲ ಎಂ.ಡಿ.ಎಸ್. ತಜ್ಞರ ಕೆಲಸ, ಪದವಿ ವಿದ್ಯಾರ್ಥಿಗೆ ಏಕೆ?’ ಎಂದು ಕೆಲವರು ಕೇಳಬಹುದು. ಸ್ಥಿರ ಸಾಧನಗಳ ಚಿಕಿತ್ಸೆ ತಜ್ಞರದೇ, ಒಪ್ಪೋಣ. ಆದರೆ ತಜ್ಞರ ಬಳಿಗೆ ಯಾರನ್ನು, ಯಾವ ವಯಸ್ಸಿನಲ್ಲಿ ಕಳಿಸಬೇಕೆಂಬ ನಿರ್ಧಾರ ತಜ್ಞರದಲ್ಲ. ಅದು ಮಗುವನ್ನು ಮೊದಲು ನೋಡಿದವರದು. ಇನ್ನು ಕೆಲವರು ‘ಪಾರದರ್ಶಕ ಅಲೈನರ್‌ಗಳ ಕಾಲದಲ್ಲಿ ತಂತಿಯೇ ಬೇಡ’ ಎನ್ನುತ್ತಾರೆ. ಸಾಧನ ಯಾವುದೇ ಆಗಲಿ, ಬಲ, ಪ್ರತಿಬಲ ಮತ್ತು ಮೂಳೆಯ ಪ್ರತಿಕ್ರಿಯೆ ಬದಲಾಗುವುದಿಲ್ಲ. ಇವನ್ನು ಅರಿಯದವರ ಕೈಯಲ್ಲಿ ಹೊಸ ಸಾಧನವೂ ಹಳೆಯ ತಪ್ಪನ್ನೇ ಮಾಡುತ್ತದೆ.

ಏನು ಮಾಡಬಹುದು?

ದೊಡ್ಡ ಕೊರತೆ ಇದು: ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಬೇಕು, ವಿದ್ಯಾರ್ಥಿಯ ಪಾಳಿ ಕೆಲವು ವಾರಗಳದು. ಹೀಗಾಗಿ ಹಲ್ಲು ಸರಿಯುವುದನ್ನು, ಬಾಯಿ ಬೆಳೆಯುವುದನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಪದವಿ ಪಡೆಯಬಹುದು. ಪರಿಹಾರ ಸರಳ. ಮೂರನೆಯ ವರ್ಷದ ಆರಂಭದಲ್ಲಿ ಪ್ರತಿ ವಿದ್ಯಾರ್ಥಿಗೆ, ಹತ್ತಿರದ ಶಾಲೆಯಿಂದ ಎಂಟೊಂಬತ್ತು ವರ್ಷದ ಒಂದು ಮಗುವನ್ನು ಪೋಷಕರ ಒಪ್ಪಿಗೆ ಪಡೆದು ವಹಿಸಲಿ. ಚಿಕಿತ್ಸೆ ಬೇಡ, ವೀಕ್ಷಣೆ ಸಾಕು. ಆರು ತಿಂಗಳಿಗೊಮ್ಮೆ ಅಚ್ಚು ತೆಗೆದು ಮಾದರಿ ಮಾಡಿಡಲಿ, ಮುಂದೇನಾಗುತ್ತದೆಂದು ಮುಂಚಿತವಾಗಿ ಬರೆದಿಡಲಿ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಆ ನಾಲ್ಕು ಮಾದರಿಗಳನ್ನು ಮೇಜಿನ ಮೇಲಿಟ್ಟು, ತನ್ನ ಊಹೆ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ವಿವರಿಸಲಿ. ತ್ರಿಭುಜ, ಚೌಕಗಳಿಗಿಂತ ಇದಕ್ಕೆ ಹೆಚ್ಚು ಅಂಕ ಸಿಗಲಿ. ಮಗುವಿನ ತಾಯಿಗೆ ಇದೇ ಸಂಗತಿಯನ್ನು ಕನ್ನಡದಲ್ಲಿ ಎರಡು ನಿಮಿಷ ಹೇಳಲು ಬರುತ್ತದೆಯೆ ಎಂಬುದನ್ನೂ ಪರೀಕ್ಷಕರು ನೋಡಲಿ.

ರಾಷ್ಟ್ರೀಯ ದಂತ ಆಯೋಗ ಕಾಯಿದೆ 2023ರಲ್ಲಿ ಬಂದಿರುವುದರಿಂದ ಪಾಠಕ್ರಮಗಳ ಮರುಪರಿಶೀಲನೆಗೆ ಇದು ತಕ್ಕ ಸಮಯ. ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸ ಶಿಕ್ಷಕರಾದ ನಿಮ್ಮ ಕೈಯಲ್ಲೂ ಇದೆ. ನಿಮ್ಮ ತರಗತಿಯಲ್ಲಿ ಹುಳುಕಿನ ಹಾಲು ದವಡೆಹಲ್ಲಿರುವ ಮಗುವನ್ನು ಕಂಡರೆ, ಅದನ್ನು ಕೀಳಿಸುವ ಮೊದಲು ಉಳಿಸಲು ಸಾಧ್ಯವೆ, ಕಿತ್ತರೆ ಆ ಜಾಗವನ್ನು ಕಾಯುವುದು ಹೇಗೆ ಎಂದು ದಂತವೈದ್ಯರನ್ನು ಕೇಳುವಂತೆ ಪೋಷಕರಿಗೆ ತಿಳಿಸಿ. ಆ ಪ್ರಶ್ನೆ ಕೇಳುವವರು ಹೆಚ್ಚಿದಂತೆ, ಅದಕ್ಕೆ ಉತ್ತರಿಸಲು ಕಲಿಸಬೇಕಾದ ಅಗತ್ಯ ಕಾಲೇಜುಗಳಿಗೂ ಹೆಚ್ಚುತ್ತದೆ.